ಮನೋರಮೆ ಒಬ್ಬಳೇ ಸಾಕು

ಬರೆಯಲು ಹೊಸದಾಗಿ ಕೂತವರಿಗೆ ಈಗ ಎಲ್ಲ ಕಡೆಯಿಂದಲೂ ಸಿಗುವ ಸಲಹೆ ಒಂದೇ: ಲೆಕ್ಕ ಇಡಿ. ತಿಂಗಳಿಗೆ ಎಷ್ಟು ಬರೆದಿರಿ, ಎಷ್ಟು ಜನ ತೆರೆದು ನೋಡಿದರು, ಎಷ್ಟು ಹೊತ್ತು ನಿಂತರು, ಎಷ್ಟು ಮಂದಿ ಶೇರ್ ಮಾಡಿದರು, ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ. ಅಳೆಯದಿದ್ದರೆ ಬೆಳೆಯುವುದಿಲ್ಲ ಎಂಬ ಕಂಪನಿ ಮೀಟಿಂಗುಗಳ ಮಾತು ಕಥಾಕಮ್ಮಟಗಳವರೆಗೂ ಬಂದಿದೆ. ಡಿಸೆಂಬರ್ ಮುಗಿಯುವ ಹೊತ್ತಿಗೆ ಕಥೆಗಾರರು, ಅಂಕಣಕಾರರು, ಕವಿಗಳು ತಮ್ಮ ವರ್ಷದ ಪ್ರಗತಿಯನ್ನು ಅಂಕಿಗಳಲ್ಲಿ ಹೇಳಿಕೊಳ್ಳುತ್ತಾರೆ. ಅಂಕಿ ಚಿಕ್ಕದಿದ್ದವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾದವರಲ್ಲಿ ಕೆಲವರು ಮತ್ತೆ ಬರೆಯುವುದೇ ಇಲ್ಲ. ನನ್ನ ಸಿಟ್ಟಿಗೆ ಕಾರಣ ಈ ಕೊನೆಯವರು.

ಈ ಸಲಹೆ ತಪ್ಪು ಎಂದು ನಾನು ನೇರವಾಗಿ ಹೇಳುತ್ತೇನೆ. ಓದುಗರ ಎಣಿಕೆಯಿಂದ ಬರವಣಿಗೆಯ ಏಳಿಗೆ ತಿಳಿಯುವುದಿಲ್ಲ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಬರವಣಿಗೆ ಕೆಡುತ್ತದೆ. ಓದುಗರ ಬಳಗ ಮೊದಲೇ ಚಿಕ್ಕದಿರುವ ಕನ್ನಡದಲ್ಲಿ ಆ ಕೇಡು ಇನ್ನೂ ಬೇಗ ಆಗುತ್ತದೆ.

ಆ ಎಣಿಕೆ ಏನನ್ನು ಎಣಿಸುತ್ತದೆ ಎಂಬುದನ್ನು ಮೊದಲು ನೋಡಬೇಕು. ಫೋನಿನ ಪರದೆಯ ಮೇಲೆ ಬರಹ ತೆರೆದುಕೊಂಡರೆ ಒಂದು ಅಂಕಿ ಏರುತ್ತದೆ. ತೆರೆದವರು ಮೊದಲ ಸಾಲಿಗೇ ಹಿಂದಕ್ಕೆ ಹೋದರೋ, ಬಸ್ಸು ಬಂತೆಂದು ಫೋನನ್ನು ಜೇಬಿಗಿಟ್ಟರೋ, ಕೊನೆಯವರೆಗೆ ಓದಿ ರಾತ್ರಿ ನಿದ್ದೆಗೆಟ್ಟರೋ, ಅದಕ್ಕೆ ಗೊತ್ತಿಲ್ಲ. ನಿಂತ ಸಮಯವನ್ನೂ ಅಳೆಯುತ್ತೇವಲ್ಲ ಎನ್ನುತ್ತಾರೆ. ಆ ಅಳತೆ ಎಷ್ಟು ಗಟ್ಟಿ ಎಂಬುದು 2016ರ ಸೆಪ್ಟೆಂಬರಿನಲ್ಲೇ ಬಯಲಾಯಿತು. ಜನ ವಿಡಿಯೊಗಳನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಎಂಬ ಲೆಕ್ಕದಲ್ಲಿ, ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ತಾನು ಸೇರಿಸಿಕೊಂಡೇ ಇರಲಿಲ್ಲ ಎಂದು ಫೇಸ್‌ಬುಕ್ ಆಗ ಒಪ್ಪಿಕೊಂಡಿತು. ಇಣುಕಿ ಹೋದವರನ್ನೆಲ್ಲ ಬಿಟ್ಟು ಉಳಿದವರ ಸರಾಸರಿ ತೆಗೆದರೆ ಅಂಕಿ ಹಿಗ್ಗುತ್ತದೆ. ಎರಡು ವರ್ಷ ಅದು ಹಾಗೇ ಹಿಗ್ಗಿತ್ತು, ಜಾಹೀರಾತುದಾರರು ಅದನ್ನು ನಂಬಿ ದುಡ್ಡು ಹಾಕಿದ್ದರು. 2018ರ ಜನವರಿಯಲ್ಲಿ ಅದೇ ಸಂಸ್ಥೆ ಇನ್ನು ಮೇಲೆ ಬಂಧುಮಿತ್ರರ ಪೋಸ್ಟುಗಳಿಗೆ ಆದ್ಯತೆ ಎಂದು ತೀರ್ಮಾನಿಸಿ, ಪತ್ರಿಕೆಗಳ ಮತ್ತು ಪ್ರಕಾಶಕರ ಬರಹಗಳನ್ನು ಕೆಳಕ್ಕೆ ಸರಿಸಿತು. ಬರೆಯುವವರು ಬದಲಾಗಿರಲಿಲ್ಲ, ಓದುವವರೂ ಬದಲಾಗಿರಲಿಲ್ಲ, ಅಂಕಿ ಬಿತ್ತು. ನಮ್ಮದೇ ದೇಶದಲ್ಲಿ ಸುದ್ದಿವಾಹಿನಿಗಳ ಟಿಆರ್‌ಪಿ ಪ್ರಕಟಣೆಯನ್ನು 2020ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ನಿಲ್ಲಿಸಬೇಕಾಯಿತು, ಎಣಿಕೆಯನ್ನೇ ತಿರುಚಲಾಗಿದೆ ಎಂಬ ಆರೋಪ ಎದ್ದಿದ್ದರಿಂದ. ಉದ್ದವೂ ಗೊತ್ತಿಲ್ಲದ, ಯಾರ ಕೈಯಲ್ಲಿದೆಯೆಂದೂ ಗೊತ್ತಿಲ್ಲದ ಕೋಲು ಹಿಡಿದು ನಿಮ್ಮ ವರ್ಷದ ದುಡಿಮೆಯನ್ನು ಅಳೆದುಕೊಳ್ಳಿ ಎಂದು ಬರೆಯುವವರಿಗೆ ಹೇಳುವುದು ಅನ್ಯಾಯ.

ಅಂಕಿ ಪ್ರಾಮಾಣಿಕವಾಗಿಯೇ ಇದೆ ಎಂದುಕೊಂಡರೂ ಹಾನಿ ತಪ್ಪುವುದಿಲ್ಲ. ತಾಲ್ಲೂಕು ಕೇಂದ್ರದಲ್ಲಿರುವ ಒಬ್ಬ ಮೇಷ್ಟರು ತಮ್ಮೂರಿನ ಕೆರೆಯ ಬಗ್ಗೆ ಬರೆಯುತ್ತಾರೆ ಎಂದು ಭಾವಿಸಿ. ಕೋಡಿ ಯಾವ ಕಡೆಗೆ ಹರಿಯುತ್ತಿತ್ತು, ತೂಬನ್ನು ಯಾರು ಯಾವಾಗ ಎತ್ತುತ್ತಿದ್ದರು, ನೀರುಗಂಟಿಯ ಮನೆಗೆ ಊರಿನವರು ಏನು ಕೊಡುತ್ತಿದ್ದರು, ಕಾಲುವೆ ಯಾವ ಸರ್ವೆ ನಂಬರಿನ ಹತ್ತಿರ ಬಂದು ಕಾಣೆಯಾಯಿತು. ಪಹಣಿ ತೆಗೆಸಿ, ವಯಸ್ಸಾದವರ ಜಗಲಿಯಲ್ಲಿ ಕೂತು ಕೇಳಿ, ಕೆರೆಯಂಗಳವನ್ನು ಕಾಲಲ್ಲಿ ಅಳೆದು ಬರೆದ ಲೇಖನ. ನೂರು ಜನ ತೆರೆಯುತ್ತಾರೆ. ಮುಂದಿನ ವಾರ ಅವರೇ ಅಮ್ಮ ಮಾಡುತ್ತಿದ್ದ ಬಸ್ಸಾರಿನ ನೆನಪನ್ನು ಅರ್ಧ ಗಂಟೆಯಲ್ಲಿ ಬರೆದು ಹಾಕುತ್ತಾರೆ. ಐದು ಸಾವಿರ ಜನ ತೆರೆಯುತ್ತಾರೆ. ಬಸ್ಸಾರಿನ ನೆನಪಿನ ಮೇಲೆ ನನಗೆ ದ್ವೇಷವಿಲ್ಲ, ಚೆನ್ನಾಗಿ ಬರೆದರೆ ಅದೂ ಸಾಹಿತ್ಯವೇ. ಆದರೆ ಲೆಕ್ಕ ಇಡುವ ಮೇಷ್ಟರಿಗೆ ಆ ಎರಡು ಅಂಕಿಗಳು ಒಂದು ಪಾಠ ಹೇಳುತ್ತವೆ, ಅವರು ಅದನ್ನು ಕಲಿಯುತ್ತಾರೆ. ಕೆರೆಯ ಎರಡನೇ ಭಾಗ ಬರುವುದಿಲ್ಲ. ಆ ಕೆರೆಯ ತೂಬಿನ ಬಗ್ಗೆ ತಿಳಿದ ಮುದುಕರು ಹೋಗುತ್ತಾರೆ. ಆ ವರ್ಷದ ಲೆಕ್ಕಪತ್ರದಲ್ಲಿ ಇದು ನಷ್ಟವಾಗಿ ಎಲ್ಲೂ ಕಾಣುವುದಿಲ್ಲ, ಏಕೆಂದರೆ ಬರೆಯದೆ ಉಳಿದದ್ದಕ್ಕೆ ಅಂಕಿ ಇಲ್ಲ.

ನಾನು ಓದುವ ಕನ್ನಡದಲ್ಲಿ ಈ ಪಾಠದ ಗುರುತು ಎಲ್ಲೆಲ್ಲೂ ಇದೆ. ಮೊದಲ ಸಾಲಿನಲ್ಲೇ ಓದುಗರ ಕೊರಳಪಟ್ಟಿ ಹಿಡಿಯುವ ಆತುರ. ಎರಡು ಸಾಲಿಗೊಂದು ಪ್ಯಾರಾ. ಹೆಸರಾಂತ ಕಲಾವಿದರು ತೀರಿಕೊಂಡ ಗಂಟೆಯೊಳಗೆ ಅವರೊಂದಿಗೆ ಕಾಫಿ ಕುಡಿದ ನೆನಪು. ಊರಿಗೆಲ್ಲ ಒಪ್ಪಿಗೆಯಾದ ಮಾತನ್ನೇ ಧೈರ್ಯದ ದನಿಯಲ್ಲಿ ಹೇಳುವುದು. ಇವನ್ನು ಬರೆಯುವವರು ಅಪ್ರಾಮಾಣಿಕರಲ್ಲ, ಹಲವರು ನಿಜವಾದ ಪ್ರತಿಭೆಯುಳ್ಳವರು. ಮೂರು ವರ್ಷದ ಹಿಂದೆ ಅವರೇ ಬರೆದದ್ದನ್ನೂ ಈಗ ಬರೆಯುತ್ತಿರುವುದನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಎದೆ ಭಾರವಾಗುತ್ತದೆ. ಅಂಕಿ ಏರಿದೆ, ವಾಕ್ಯ ಸೊರಗಿದೆ.

ಅಂಕಿಯನ್ನೇ ಗುರಿ ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲೇಜುಗಳಷ್ಟು ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಅಧ್ಯಾಪಕರ ಸಾಧನೆಗೆ ಎಪಿಐ ಅಂಕಗಳ ಪದ್ಧತಿ ತಂದಿತು. ಇಷ್ಟು ಪ್ರಬಂಧಕ್ಕೆ ಇಷ್ಟು ಅಂಕ, ಇಷ್ಟು ಅಂಕಕ್ಕೆ ಬಡ್ತಿ. ಐಎಸ್‌ಎಸ್‌ಎನ್ ಎಂಬ ಗುರುತಿನ ಸಂಖ್ಯೆ ಇದ್ದರೆ ಸಾಕು ಎಂಬಂಥ ಪತ್ರಿಕೆಗಳು ಅಣಬೆಗಳಂತೆ ಎದ್ದವು. ದುಡ್ಡು ಕಟ್ಟಿದವರ ಪ್ರಬಂಧ ವಾರದಲ್ಲಿ ಅಚ್ಚಾಗತೊಡಗಿತು. ಕೊನೆಗೆ 2018ರಲ್ಲಿ ಯುಜಿಸಿ ತನ್ನದೇ ಮಾನ್ಯತಾ ಪಟ್ಟಿಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಆ ವರ್ಷಗಳಲ್ಲಿ ಕನ್ನಡ ವಿಭಾಗಗಳಿಂದ ಹೊರಬಂದ ಪ್ರಬಂಧಗಳ ರಾಶಿಯಲ್ಲಿ ಮರುಓದಿಗೆ ನಿಲ್ಲುವಂಥವನ್ನು ಹುಡುಕಿ ನೋಡಿ. ಧಾರವಾಡದಲ್ಲಿ ಶಾಲಾ ಮೇಷ್ಟರಾಗಿದ್ದುಕೊಂಡು ಕನ್ನಡದ ಬೇರುಗಳನ್ನು ಅಗೆದ ಶಂ.ಬಾ. ಜೋಶಿಯವರಿಗೆ ಈ ಪದ್ಧತಿಯಲ್ಲಿ ಬೀಳುತ್ತಿದ್ದದ್ದು ಸೊನ್ನೆ. ಒಂದು ಇಡೀ ತಲೆಮಾರಿನ ಅಧ್ಯಾಪಕರ ಮೇಲೆ ಸರ್ಕಾರ ಹೇರಿ ಸೋತ ಪದ್ಧತಿಯನ್ನು, ಯಾರ ಒತ್ತಾಯವೂ ಇಲ್ಲದೆ ಬರಹಗಾರರು ತಾವಾಗಿಯೇ ತಮ್ಮ ಮೇಲೆ ಹೇರಿಕೊಳ್ಳುತ್ತಿದ್ದಾರೆ.

ಲೆಕ್ಕದ ಪರವಾಗಿ ಮಾತಾಡುವವರು ಇಲ್ಲಿ ಶಿಸ್ತಿನ ವಿಷಯ ಎತ್ತುತ್ತಾರೆ. ಎಣಿಸದಿದ್ದರೆ ಸೋಮಾರಿತನ ಬರುತ್ತದೆ, ಸ್ಫೂರ್ತಿಗೆ ಕಾಯುತ್ತ ವರ್ಷ ಕಳೆಯುತ್ತದೆ ಎನ್ನುತ್ತಾರೆ. ಈ ವಾದಕ್ಕೆ ಅವರು ಕರೆತರಬಹುದಾದ ಅತಿ ಒಳ್ಳೆಯ ಸಾಕ್ಷಿ ಇಂಗ್ಲೆಂಡಿನ ಆಂಟನಿ ಟ್ರೊಲೊಪ್. ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಬರವಣಿಗೆ ಶುರುಮಾಡಿ, ಒಟ್ಟು ನಲವತ್ತೇಳು ಕಾದಂಬರಿ ಬರೆದವರು. ಬೆಳಗಿನ ಜಾವ ಎದ್ದು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುವ ಪಣ ತೊಟ್ಟಿದ್ದೆ ಎಂದು ಆತ್ಮಕಥೆಯಲ್ಲಿ ಹೇಳುತ್ತಾರೆ. ದಿನಕ್ಕೆಷ್ಟು ಪುಟ ಎಂದು ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಈ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಅದು ದುಡಿಮೆಯ ಲೆಕ್ಕ. ಎಷ್ಟು ಹೊತ್ತು ಕೂತೆ, ಎಷ್ಟು ಬರೆದೆ, ಎಷ್ಟನ್ನು ಹೊಡೆದುಹಾಕಿದೆ ಎಂಬುದು ಬರೆಯುವವರ ಕೈಯೊಳಗಿನ ಮಾತು.

ಆದರೆ ಟ್ರೊಲೊಪ್ ಇನ್ನೊಂದು ಲೆಕ್ಕವನ್ನೂ ಕೊಟ್ಟರು. ಅವರು ತೀರಿಕೊಂಡ ಮರುವರ್ಷ, 1883ರಲ್ಲಿ ಹೊರಬಂದ ಆ ಆತ್ಮಕಥೆಯ ಕೊನೆಯಲ್ಲಿ ಯಾವ ಪುಸ್ತಕಕ್ಕೆ ಎಷ್ಟು ಹಣ ಬಂತು ಎಂಬ ಪಟ್ಟಿಯಿದೆ. ಅದರಲ್ಲಿ 'ಕ್ಯಾನ್ ಯು ಫರ್ಗಿವ್ ಹರ್' ಕಾದಂಬರಿಗೆ 3,525 ಪೌಂಡು. 'ದ ವಾರ್ಡನ್' ಮತ್ತು 'ಬಾರ್ಚೆಸ್ಟರ್ ಟವರ್ಸ್' ಎರಡಕ್ಕೂ ಸೇರಿ 727 ಪೌಂಡು ಚಿಲ್ಲರೆ. ಇವತ್ತು ಟ್ರೊಲೊಪ್ ಓದಬೇಕೆನ್ನುವವರ ಕೈಗೆ ಮೊದಲು ಕೊಡುವುದು ಕಡಿಮೆ ಹಣ ತಂದ ಆ ಎರಡು ಪುಸ್ತಕಗಳನ್ನೇ. ಎಣಿಕೆಯಲ್ಲಿ ಅಷ್ಟು ನಂಬಿಕೆಯಿಟ್ಟಿದ್ದ, ಅಷ್ಟು ಕಟ್ಟುನಿಟ್ಟಿನ ಮನುಷ್ಯ ಬರೆದಿಟ್ಟ ಪಟ್ಟಿಯಿಂದಲೂ ಅವರ ಒಳ್ಳೆಯ ಪುಸ್ತಕ ಯಾವುದೆಂದು ತಿಳಿಯಲು ಸಾಧ್ಯವಿಲ್ಲ. ಪುಟಗಳ ಲೆಕ್ಕ ಅವರನ್ನು ಮೇಜಿನ ಮುಂದೆ ಕೂರಿಸಿತು. ಪೌಂಡುಗಳ ಲೆಕ್ಕ ಏನನ್ನೂ ಕಲಿಸಲಿಲ್ಲ. ಈಗಿನ ಸಲಹೆಗಾರರು ಈ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ, ಶಿಸ್ತಿನ ಹೆಸರಿನಲ್ಲಿ ಎರಡನೆಯದನ್ನು ಮಾರುತ್ತಿದ್ದಾರೆ.

ನಮ್ಮಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಒಂದು ಬಾಳು ಇದೆ. ಕನ್ನಡದಲ್ಲಿ ಬರೆಯುವವರೆಲ್ಲ ಆ ಕಥೆಯನ್ನು ಮತ್ತೆ ಮತ್ತೆ ನೆನೆಯಬೇಕೆಂದು ನನ್ನ ಆಸೆ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ಬಡತನ, ಅದರ ಮೇಲೆ ಕ್ಷಯ. ಮೈಸೂರಿನಿಂದ ರಾಮಾನುಜಯ್ಯಂಗಾರ್ಯರು ಮತ್ತು ಎಸ್.ಜಿ. ನರಸಿಂಹಾಚಾರ್ಯರು ಹಳೆಯ ಕಾವ್ಯಗಳನ್ನು ಅಚ್ಚು ಹಾಕುವ 'ಕಾವ್ಯಮಂಜರಿ', 'ಕಾವ್ಯಕಲಾನಿಧಿ' ಪತ್ರಿಕೆಗಳನ್ನು ತರುತ್ತಿದ್ದರು. ಲಕ್ಷ್ಮೀನಾರಣಪ್ಪನವರು 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ' ಮೂರನ್ನೂ ತಾವೇ ಬರೆದು, ಹಳೆಯ ಕವಿಯೊಬ್ಬನ ಕೃತಿಗಳು ತಮಗೆ ಸಿಕ್ಕಿವೆ ಎಂಬ ಹಾಗೆ ಅಲ್ಲಿಗೆ ಕಳಿಸಿದರು. 1901ರಲ್ಲಿ, ಮೂವತ್ತು ದಾಟುತ್ತಿದ್ದ ಹಾಗೇ ತೀರಿಕೊಂಡರು. ಆ ಕೃತಿಗಳ ಕವಿ ಮುದ್ದಣ ಎಂದರೆ ಈ ಡ್ರಿಲ್ ಮಾಸ್ತರರೇ ಎಂದು ಕನ್ನಡ ನಾಡಿಗೆಲ್ಲ ತಿಳಿದದ್ದು ಅವರು ಹೋದ ಎಷ್ಟೋ ಕಾಲದ ಮೇಲೆ.

ಈಗಿನ ಕೋಷ್ಟಕದಲ್ಲಿ ಅವರ 1900ನೇ ವರ್ಷವನ್ನು ತುಂಬಿದರೆ ಎಲ್ಲ ಕಾಲಮ್ಮೂ ಖಾಲಿ. ಹೆಸರಿಲ್ಲ, ಹಿಂಬಾಲಿಸುವವರಿಲ್ಲ, ಮೆಚ್ಚುಗೆ ಬಂದರೂ ಅದು ಇನ್ನಾರದೋ ಪಾಲಿಗೆ. ಅದೇ ಹೊತ್ತಿಗೆ ಅವರ ಬರವಣಿಗೆ ಕನ್ನಡ ಗದ್ಯ ಅಲ್ಲಿಯವರೆಗೆ ಕಾಣದ ಒಂದು ಜಾಗಕ್ಕೆ ಹೋಗಿ ನಿಂತಿತ್ತು. 'ಅದ್ಭುತ ರಾಮಾಯಣ' ಹಳಗನ್ನಡ ಗದ್ಯದಲ್ಲಿ ನೇರವಾಗಿ ಹೇಳಿಕೊಂಡು ಹೋಗುವ ಕಥೆ. 'ರಾಮಾಶ್ವಮೇಧ'ಕ್ಕೆ ಬರುವಷ್ಟರಲ್ಲಿ ಕಥೆ ಹೇಳುವ ಗಂಡನ ಎದುರಿಗೆ ಒಬ್ಬ ಹೆಂಡತಿ ಬಂದು ಕೂತಿದ್ದಾಳೆ. ಆ ಮನೋರಮೆ ಸುಮ್ಮನೆ ತಲೆಯಾಡಿಸುವವಳಲ್ಲ. ಯಾವ ಕಥೆ ಬೇಕೆಂದು ಹಟ ಹಿಡಿಯುತ್ತಾಳೆ, ಪದ್ಯ ಬೇಡ ಗದ್ಯದಲ್ಲಿ ಹೇಳು ಎನ್ನುತ್ತಾಳೆ, ಸಂಸ್ಕೃತ ಜಾಸ್ತಿಯಾದರೆ ತಡೆಯುತ್ತಾಳೆ, ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನುತ್ತಾಳೆ, ಮುನಿಯುತ್ತಾಳೆ, ನಗುತ್ತಾಳೆ. ಅವಳು ತಡೆದಾಗಲೆಲ್ಲ ಮುದ್ದಣನ ವಾಕ್ಯ ಹದಕ್ಕೆ ಬರುತ್ತದೆ.

ಒಂದು ಕೃತಿಯಿಂದ ಇನ್ನೊಂದಕ್ಕೆ ಬರಹಗಾರರು ಬೆಳೆದಿದ್ದಾರೆ ಎಂದರೆ ಇದು. ಎರಡನ್ನೂ ಓದಿದರೆ ಮಾತ್ರ ಕಾಣುವ ಬೆಳವಣಿಗೆ. ಮುದ್ದಣನಿಗೆ ಬೇಕಿದ್ದದ್ದು ಓದುಗರ ಸಂಖ್ಯೆಯಾಗಿರಲಿಲ್ಲ, ಕಾರಣ ಹೇಳಿ ತಡೆಯುವ ಒಬ್ಬ ಓದುಗಾರ್ತಿ. ಉಡುಪಿಯ ಆ ಏಕಾಂತದಲ್ಲಿ ಸಿಗದಿದ್ದಾಗ ಅವಳನ್ನು ಪುಸ್ತಕದೊಳಗೇ ಸೃಷ್ಟಿಸಿಕೊಂಡರು ಎಂದೇ ನಾನು ಓದಿಕೊಳ್ಳುತ್ತೇನೆ. ಮನೋರಮೆ ಕೊಡುವ ಪ್ರತಿಕ್ರಿಯೆಯಲ್ಲಿ ಕಾರಣ ಇದೆ: ಈ ಪದ ಗಟ್ಟಿ, ಈ ಭಾಗ ಬೇಸರ, ಮುಂದೆ ಏನಾಯಿತು ಹೇಳು. ಐದು ಸಾವಿರ ಎಂಬ ಅಂಕಿಯೊಳಗೆ ಒಂದು ಕಾರಣವೂ ಇಲ್ಲ. ಕಾರಣವಿಲ್ಲದ ಮೆಚ್ಚುಗೆಯಿಂದ ಕಲಿಯುವುದೇನು? ಕಾರಣವಿಲ್ಲದ ಮೌನದಿಂದ ತಿದ್ದಿಕೊಳ್ಳುವುದೇನು?

ಎದುರಾಳಿಗಳ ವಾದಗಳಲ್ಲಿ ನಾನು ಗೌರವಿಸುವಂಥದು ಒಂದಿದೆ. ಮೊದಲು ಬೆಂಗಳೂರು, ಮೈಸೂರು, ಧಾರವಾಡಗಳ ಕೆಲವೇ ಸಂಪಾದಕರು, ವಿಮರ್ಶಕರು ಯಾರು ಲೇಖಕರು ಎಂದು ತೀರ್ಮಾನಿಸುತ್ತಿದ್ದರು. ಈಗ ಯಾದಗಿರಿಯ ಹುಡುಗಿಯೂ ತನ್ನ ಕಥೆಯನ್ನು ನೇರವಾಗಿ ಓದುಗರ ಮುಂದಿಡಬಹುದು, ಓದುಗರ ಸಂಖ್ಯೆಯೇ ಅವಳ ಪ್ರಮಾಣಪತ್ರ ಎನ್ನುತ್ತಾರೆ. ಮೊದಲರ್ಧ ನಿಜ, ಅದು ದೊಡ್ಡ ಬಿಡುಗಡೆ. ಹೆಣ್ಣುಮಕ್ಕಳು, ಸಣ್ಣ ಊರಿನವರು, ಜಾತಿಯ ಕಾರಣಕ್ಕೆ ಬಾಗಿಲ ಹೊರಗೆ ನಿಂತವರು ಇವತ್ತು ಬರೆಯುತ್ತಿರುವ ಕನ್ನಡ ಇಲ್ಲದಿದ್ದರೆ ನಮ್ಮ ಸಾಹಿತ್ಯ ಎಷ್ಟು ಬಡವಾಗುತ್ತಿತ್ತು! ಆದರೆ ಬಾಗಿಲು ತೆರೆದದ್ದು ಅಂಕಿಯಲ್ಲ, ಅಚ್ಚಿನ ಖರ್ಚಿಲ್ಲದೆ ಪ್ರಕಟಿಸುವ ಅನುಕೂಲ. ಅಂಕಿ ಆಮೇಲೆ ಬಂದು ಬಾಗಿಲಲ್ಲಿ ಕೂತ ಹೊಸ ಕಾವಲುಗಾರ. ಹಳೆಯ ಸಂಪಾದಕರಿಗೆ ಹೆಸರು, ವಿಳಾಸ ಇತ್ತು. ಅವರ ಪಕ್ಷಪಾತವನ್ನು ಎತ್ತಿ ತೋರಿಸಿ ಜಗಳವಾಡಬಹುದಿತ್ತು. ಬಂಡಾಯ ಸಾಹಿತ್ಯದವರು ಹಾಗೆ ಜಗಳವಾಡಿ ಜಾಗ ಪಡೆದರು. ಯಾರ ಬರಹ ಎಷ್ಟು ಜನರ ಕಣ್ಣಿಗೆ ಬೀಳಬೇಕೆಂದು ತೀರ್ಮಾನಿಸುವ ಯಂತ್ರದ ಜೊತೆ ಯಾದಗಿರಿಯ ಹುಡುಗಿ ಹೇಗೆ ಜಗಳವಾಡುತ್ತಾಳೆ? ಅದರ ಒಡೆಯರು ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಅವರಿಗೆ ಬೇಕಿರುವುದು ಜಾಹೀರಾತು ನೋಡುವ ಕಣ್ಣುಗಳು. ಅವಳ ಭಾಷೆಯಲ್ಲಿ ಒಳ್ಳೆಯ ಕಥೆ ಹುಟ್ಟಲಿ ಎಂಬ ಉಸಾಬರಿ ಅವರಿಗಿಲ್ಲ. ಅಂಥವರ ಪ್ರಮಾಣಪತ್ರವನ್ನು ಪ್ರಜಾಪ್ರಭುತ್ವ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಓದುಗರೇ ಬೇಡವೆಂದರೆ ಬರೆಯುವುದೇಕೆ ಎಂಬ ಪ್ರಶ್ನೆಯೂ ಬರುತ್ತದೆ. ಓದುಗರು ಬೇಡವೆಂದು ಯಾರೂ ಹೇಳಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಿಂದ ಮನೆಮನೆಯಲ್ಲಿದೆ, ಅದು ಸಂತೋಷದ ವಿಷಯ. ನಾನು ಹೇಳುವುದಿಷ್ಟೇ: ಓದುಗರು ಯಾವಾಗ, ಎಲ್ಲಿ ಬಂದು ಸೇರುತ್ತಾರೆ ಎಂಬುದು ವರ್ಷಾಂತ್ಯದ ಲೆಕ್ಕಕ್ಕೆ ಸಿಗುವುದಿಲ್ಲ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿ ಎಂದವರು ಸುಮಾರು 4.37 ಕೋಟಿ, ಒಂದು ಕಥಾಸಂಕಲನದ ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿ. ಕೋಟಿಗಳನ್ನು ಕಣ್ಣಮುಂದೆ ಇಟ್ಟುಕೊಂಡರೆ ಯಾವ ಕನ್ನಡ ಲೇಖಕರೂ ಸೋತವರೇ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ತಾಳೆಗರಿಗಳಲ್ಲಿ ಹುಳ ತಿನ್ನುತ್ತಿದ್ದ ವಚನಗಳನ್ನು ಹುಡುಕಿ, ನಕಲು ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ' ತಂದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಮುದ್ರಣಾಲಯಕ್ಕಾಗಿ ಮನೆ ಮಾರಿದರು. ಪತ್ರಿಕೆಯನ್ನು ಮೂರು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ಚಂದಾದಾರರ ಸಂಖ್ಯೆಯನ್ನು ಪ್ರಗತಿಯೆಂದು ನಂಬಿದ್ದರೆ ಕೆಲವೇ ವರ್ಷಗಳಲ್ಲಿ ಅದನ್ನು ಮುಚ್ಚಬೇಕಿತ್ತು. ಇವತ್ತು ಅಲ್ಲಮನ, ಅಕ್ಕನ ವಚನ ಶಾಲೆಯ ಮಕ್ಕಳ ಬಾಯಲ್ಲಿದೆ.

ಹಾಗಾದರೆ ಬರೆಯುವವರು ತಮ್ಮ ವರ್ಷವನ್ನು ಪರಿಶೀಲಿಸಿಕೊಳ್ಳಬಾರದೇ? ಖಂಡಿತ ಮಾಡಬೇಕು, ಈಗ ಮಾಡುತ್ತಿರುವುದಕ್ಕಿಂತ ಕಟುವಾಗಿ. ಒಂದು ವರ್ಷದ ಹಿಂದೆ ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ನಾಲಿಗೆ ಎಲ್ಲಿ ತಡವರಿಸುತ್ತದೆ ಎಂದು ಗುರುತು ಹಾಕಬೇಕು. ಯಾವ ವಾಕ್ಯ ತನ್ನದು, ಯಾವುದು ಇನ್ನೊಬ್ಬರಿಂದ ಬಂದು ಅಂಟಿಕೊಂಡದ್ದು ಎಂದು ಬೇರ್ಪಡಿಸಬೇಕು. ಹೇಳಿದ ಸಂಗತಿಗಳಲ್ಲಿ ಸುಳ್ಳಾದದ್ದು ಎಷ್ಟು ಎಂದು ನೋಡಬೇಕು. ಯಾವ ವಿಷಯದ ಬಾಗಿಲವರೆಗೆ ಹೋಗಿ ಹೆದರಿ ವಾಪಸು ಬಂದೆ ಎಂದು ಕೇಳಿಕೊಳ್ಳಬೇಕು. ಶಿವರಾಮ ಕಾರಂತರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಇಂಥ ಪರಿಶೀಲನೆಗೆ ಕನ್ನಡದಲ್ಲಿರುವ ದೊಡ್ಡ ಮಾದರಿ. ಪತ್ರಿಕೆ, ನಾಟಕ, ಮೂಕಿ ಚಿತ್ರ, ಶಿಕ್ಷಣದ ಪ್ರಯೋಗ ಎಂದು ಹತ್ತು ಕಡೆ ಕೈಹಾಕಿದ ಮನುಷ್ಯ ಅಲ್ಲಿ ಏನು ಮಾಡಹೊರಟೆ, ಏನು ಕೈಗೂಡಲಿಲ್ಲ, ಏಕೆ ಎಂದು ಬಿಚ್ಚಿಡುತ್ತಾರೆ. ಯಶಸ್ಸಿನ ಅಂಕಿಗಳಿಂದ ಆ ಪುಸ್ತಕ ನಿಂತಿಲ್ಲ.

ಹೊರಗಿನವರ ಅಭಿಪ್ರಾಯವೂ ಬೇಕು, ಆದರೆ ಬಾಯುಳ್ಳ ಅಭಿಪ್ರಾಯ. ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯಲ್ಲಿ 1991ರಿಂದ ಬರೆದ 'ಇಗೋ ಕನ್ನಡ' ಅಂಕಣ ನಡೆದದ್ದೇ ಓದುಗರ ಪ್ರಶ್ನೆಗಳಿಂದ. ಈ ಪದ ಎಲ್ಲಿಂದ ಬಂತು, ಈ ಬಳಕೆ ಸರಿಯೇ ಎಂದು ಊರೂರಿನಿಂದ ಕಾಗದ ಬರುತ್ತಿದ್ದವು. ಒಂದೊಂದು ಕಾಗದದ ಹಿಂದೆಯೂ ಯೋಚಿಸಿದ ಒಬ್ಬ ಮನುಷ್ಯ. ಅಂಥ ಹತ್ತು ಕಾಗದ ಬಂದ ವರ್ಷ, ಒಂದೂ ಬಾರದ ಲಕ್ಷ ವೀಕ್ಷಣೆಯ ವರ್ಷಕ್ಕಿಂತ ದೊಡ್ಡದು.

ಕಮ್ಮಟ ನಡೆಸುವವರಲ್ಲಿ, ಪುರವಣಿಗಳ ಸಂಪಾದಕರಲ್ಲಿ, ಅಕಾಡೆಮಿಗಳಲ್ಲಿ ನನ್ನ ಕೇಳಿಕೆ ಹೀಗಿದೆ. ಓದುಗರನ್ನು ತಲುಪುವುದು ಹೇಗೆ ಎಂಬ ಗೋಷ್ಠಿಯನ್ನು ಮುಂದಿನ ಸಲ ಕೈಬಿಡಿ. ಆ ಎರಡು ಗಂಟೆಯಲ್ಲಿ ಬಂದವರನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬರು ಇನ್ನೊಬ್ಬರ ಒಂದು ವರ್ಷ ಹಳೆಯ ಬರಹವನ್ನೂ ಹೊಸದನ್ನೂ ಓದಲಿ, ಎಲ್ಲಿ ಬೇಸರವಾಯಿತು ಎಂದು ಕಾರಣ ಸಮೇತ ಹೇಳಲಿ. ಬರಹಗಾರರನ್ನು ವೇದಿಕೆಗೆ ಪರಿಚಯಿಸುವಾಗ ಇಷ್ಟು ಸಾವಿರ ಓದುಗರುಳ್ಳವರು ಎಂಬ ವಾಕ್ಯವನ್ನು ನಿಲ್ಲಿಸಿ. ಆ ವಾಕ್ಯ ಕೇಳಿಸಿಕೊಂಡು, ಕೆರೆಯ ಲೇಖನ ಬರೆದ ಮೇಷ್ಟರು ಕೊನೆಯ ಸಾಲಿನಲ್ಲಿ ಕೂತಿರಬಹುದು.